ಸರ್ಕಾರ ಬರುವ ಮುಂಚೆ ಹೊಲ ಗುಡಿಸಿದ್ದು

ಆ ವರ್ಷ ಬುಕ್ಕಾಂಬುಧಿ ಕೆರೆ ಕಡೆಯ ನಮ್ಮ ತುಂಡು ಹೊಲದಲ್ಲಿ ಈರುಳ್ಳಿ ಕೀಳುವ ಹೊತ್ತಿಗೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಗೆಡ್ಡೆ ನೆಲದಲ್ಲೇ ಕೊಳೆತು ಲೋಳೆಯಾಯಿತು. ಅವ್ವ ಅಳಲಿಲ್ಲ; ಅದೇ ಹೊಲಕ್ಕೆ ಹಿಂಗಾರಿನಲ್ಲಿ ಕಡಲೆ ಹಾಕಿಯೇ ಸೈ ಎಂದು ಪಟ್ಟು ಹಿಡಿದಳು. ಬೀಜ ಗೊಬ್ಬರಕ್ಕೆ ಇದ್ದ ದಾರಿ ಸರ್ಕಾರದ ಬೆಳೆ ಪರಿಹಾರ ಒಂದೇ. ಬಂದರೆ ಬಿತ್ತನೆ, ಬಾರದಿದ್ದರೆ ಹೊಲ ಬೀಳು.

ಹಿಂದೆಲ್ಲ ಇಂಥದ್ದಕ್ಕೆ ತರೀಕೆರೆಗೆ ಬಸ್ಸು ಹತ್ತಬೇಕಿತ್ತು. ಈಗ ಅಜ್ಜಂಪುರವೇ ತಾಲ್ಲೂಕಾಗಿ, ಸರ್ಕಾರವೇ ಸ್ಕೂಟಿ ಹತ್ತಿ ಹೊಲಕ್ಕೆ ಬರುತ್ತದೆ. "ನಾಳೆ ಶಾನುಭೋಗ್ರು ಬಂದು ಫೋಟೋ ಹೊಡ್ಕೊತಾರಂತೆ" ಎಂದು ಹೇಳಿ ಅಪ್ಪ ಬೀರೂರಿಗೆ ಹೋದ. ಆ ಹುದ್ದೆಯ ಹೆಸರು ಎಷ್ಟೋ ಸಲ ಬದಲಾಗಿದೆ. ಅಪ್ಪನ ಬಾಯಲ್ಲಿ ಬದಲಾಗಿಲ್ಲ.

ನಮ್ಮ ಮನೆಯ ಸಂವಿಧಾನದ ಮೊದಲ ವಿಧಿ, ನೆಂಟರು ಬರುವ ಮುಂಚೆ ಗುಡಿಸಿ ಸಾರಿಸಬೇಕು. ಅವ್ವ ಇಬ್ಬರು ಹೆಣ್ಣಾಳುಗಳನ್ನು ಕರೆದುಕೊಂಡು ಸಂಜೆಯೊಳಗೆ ಕೊಳೆತದ್ದನ್ನೆಲ್ಲ ಬಳಿದು ಬೇಲಿಯಂಚಿನ ಗುಂಡಿಗೆ ಸುರಿದಳು. ಬದುವಿಗೆ ರಂಗೋಲಿ ಎಳೆಯದೆ ಬಿಟ್ಟದ್ದು ಅವಳ ದೊಡ್ಡ ಮನಸ್ಸು.

ಬೆಳಿಗ್ಗೆ ಬಂದ ಶಾನುಭೋಗರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫೋನು ಎತ್ತಿ ಹಿಡಿದು ಹಾಗೇ ನಿಂತರು.

"ಅಮ್ಮಾ, ಬೆಳೆ ಎಲ್ಲಿ?"

"ಕೊಳ್ತು ನಾರ್ತಿತ್ತು ಕಣವ್ವ, ಎತ್ತಿ ಹಾಕ್ದೆ. ನೀವು ಬರೋ ಹೊತ್ಗೆ ಹಂಗಿದ್ರೆ ಚೆಂದಾನಾ?"

"ಹಾಳಾಗಿರೋದು ಕಂಡ್ರೇನೇ ಅಮ್ಮ ನಾನು ಬರ್ಕೊಳ್ಳೋದು. ಇದು ನಮ್ಮನೆ ಅಂಗಳಕ್ಕಿಂತ ಚೊಕ್ಕಟವಾಗಿದೆ."

ರಾತ್ರಿಯೇ ಬೀರೂರಿನಿಂದ ವಾಪಸಾಗಿದ್ದ ಅಪ್ಪ ತಲೆಯ ಟವಲ್ಲು ತೆಗೆದು ಕೊಡವಿದ. "ಲೇ, ನಿನ್ ಮರ್ಯಾದೆ ಉಳೀತು. ಕಡಲೆ ಬದ್ಲು ಇನ್ನು ಅದ್ನೇ ಬಿತ್ತು."

ಅವ್ವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಬೇಲಿಯಾಚೆಯಿಂದ ಚಿಕ್ಕಪ್ಪ ಬಂದ. ಅಪ್ಪನ ದಾಯಾದಿ, ಬದುವಿನ ವಿಷಯಕ್ಕೆ ನಮ್ಮೊಂದಿಗೆ ಮಾತು ಬಿಟ್ಟವನು. ಅವನ ಮನೆ ಆ ಗುಂಡಿಯ ಪಕ್ಕದಲ್ಲೇ. ನಮ್ಮ ಕಡೆ ನೋಡದೆ ನೇರವಾಗಿ ಸರ್ಕಾರಕ್ಕೇ ದೂರು ಸಲ್ಲಿಸಿದ:

"ಮೇಡಂ, ಇವ್ರ ಕೊಳೆತ ಈರುಳ್ಳಿ ವಾಸ್ನೆಗೆ ನಿನ್ನೆಯಿಂದ ಮನೇಲಿ ಯಾರೂ ಉಂಡಿಲ್ಲ. ಇಡೀ ಹೊಲದ್ದು ತಂದು ನಮ್ಮ ಬಾಗ್ಲಿಗೆ ಸುರ್ದವ್ರೆ. ಇದನ್ನೂ ಬರ್ಕೊಳ್ಳಿ!"

"ಇಡೀ ಹೊಲದ್ದಾ? ನೀವು ನೋಡಿದ್ರಾ?"

"ಕಣ್ಣಾರೆ ಕಂಡೆ."

"ಹಂಗಾದ್ರೆ ತೋರ್ಸಿ ಬನ್ನಿ."

ಗುಂಡಿಯ ಫೋಟೋ ಆಯಿತು. ಹೊಲದ ಮೂಲೆಯಲ್ಲಿ ಅವ್ವನ ಕಣ್ಣು ತಪ್ಪಿಸಿ ಉಳಿದಿದ್ದ ಒಂದಿಷ್ಟು ಬಾಡಿದ ಸೊಪ್ಪಿನದೂ ಆಯಿತು. ಮಹಜರು ಬರೆದು, ಕಣ್ಣಾರೆ ಕಂಡವನ ಮುಂದೆ ಹಿಡಿದರು. ಸಹಿ ಹಾಕಿದ ಮೇಲೆ ಚಿಕ್ಕಪ್ಪನಿಗೆ ಹೊಳೆಯಿತು.

"ದೂರು ಕೊಡಾಕೆ ಬಂದೋನ ಕೈಲಿ ಸಾಕ್ಷಿ ಹಾಕಿಸ್ಕೊಂಡ್ರಲ್ಲ!"

"ಇರಪ್ಪ, ಕಾಫಿ ಕುಡ್ಕೊಂಡು ಹೋಗು" ಎಂದಳು ಅವ್ವ. ಅವನು ನಿಲ್ಲಲಿಲ್ಲ.

ಪರಿಹಾರ ಬಿತ್ತನೆಯ ಹದ ಆರುವ ಮುಂಚೆ ಖಾತೆಗೆ ಬಂತು. ಸರ್ಕಾರದ ಮೇಲೆ ಅಪ್ಪ ಇಟ್ಟುಕೊಂಡಿದ್ದ ಅಭಿಪ್ರಾಯಗಳಿಗೆ ಇದರಿಂದ ಸ್ವಲ್ಪ ಪೆಟ್ಟಾಯಿತು. ಕಡಲೆ ಕಾಯಿ ಕಟ್ಟಿದಾಗ ಅವ್ವ ಮೊದಲ ಹಸಿ ಗಿಡಗಳ ಕಟ್ಟನ್ನು ತಾನೇ ಹೊತ್ತು ಬೇಲಿ ದಾಟಿದಳು.

ಚಿಕ್ಕಪ್ಪ ಒಂದು ಕಾಯಿ ಬಿಡಿಸಿ ಮೂಸಿ, ಬಾಯಿಗೆ ಹಾಕಿಕೊಂಡ. "ಇದೇನೂ ವಾಸ್ನೆ ಬರಲ್ಲ, ಅತ್ತಿಗೆ" ಎಂದು, ಅವ್ವನಿಗೆ ಕೂರಲು ಮಣೆ ತರುವಂತೆ ಒಳಗೆ ಕೂಗಿದ.