ಬಾವುಟದೊಳಗೆ ಬಿಡಿ ಮಲ್ಲಿಗೆ

ಆಗೆಲ್ಲ ಆಗಸ್ಟ್ ಹದಿನೈದು ಅಂದರೆ ನಮಗೆ ಚೌತಿ, ಅಷ್ಟಮಿಗಿಂತ ಒಂದು ಕೈ ಮೇಲೆ. ಆಟಿ ತಿಂಗಳ ಮಳೆಗೆ ಬಟ್ಟೆ ಎಲ್ಲಿ ಒಣಗಬೇಕು? ಒಲೆಯ ಮೇಲೆ ಹಗ್ಗ ಕಟ್ಟಿ ಯೂನಿಫಾರ್ಮ್ ಒಣಗಿಸುತ್ತಿದ್ದೆವು. ಶಂಕರಪುರದ ನಮ್ಮ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತರೆ ಇಡೀ ಸಾಲೇ ಹೊಗೆ ವಾಸನೆ. ಶೂಗೆ ಬಳಿದ ಸೀಮೆಸುಣ್ಣ ಗೇಟು ಮುಟ್ಟುವಷ್ಟರಲ್ಲಿ ಕೆಸರು. ಆದರೂ ಆ ಖುಷಿ ಉಂಟಲ್ಲ, ಅದು ಬೇರೆಯೇ.

ಏಳನೇ ಕ್ಲಾಸಿನಲ್ಲಿ ಬಾವುಟ ಮಡಚಿ ಕಟ್ಟುವ ಕೆಲಸ ನನಗೂ ನನ್ನ ಬೆಂಚಿನ ನಸೀಮಾಳಿಗೂ ಸಿಕ್ಕಿತು. ನೆಲದ ಮೇಲೆ ನಡೆಯುತ್ತಿರಲಿಲ್ಲ ನಾವು. ಡ್ರಿಲ್ ಮಾಷ್ಟ್ರು ಹಳೆಯ ಲುಂಗಿಯೊಂದರ ಅಂಚಿಗೆ ಕೆಂಪು ಚಾಕ್ ಬಳಿದು, ಅದನ್ನೇ ಕೇಸರಿ ಅಂತ ತಿಳಿದುಕೊಳ್ಳಿ ಎಂದು ವಾರವಿಡೀ ಅಭ್ಯಾಸ ಮಾಡಿಸಿದರು. ಕೇಸರಿ ಮೇಲೆಯೇ ಬರಬೇಕು, ತುದಿ ನೆಲಕ್ಕೆ ತಾಗಬಾರದು, ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು. ಲುಂಗಿ ನೆಲಕ್ಕೆ ತಾಗಿದರೂ ಮಾಷ್ಟ್ರ ಮುಖ ಗಂಟಾಗುತ್ತಿತ್ತು.

"ಒಳಗೆ ಬಿಡಿ ಹೂವು ಮಾತ್ರ," ಅಂದಿದ್ದರು. "ದಾಸವಾಳ ಬೇಡ, ಒದ್ದೆಯಾದರೆ ಬಣ್ಣ ಬಿಡ್ತದೆ. ಮಲ್ಲಿಗೆ ತನ್ನಿ. ದಾರ, ನಾರು ಎಂತದೂ ಇರಬಾರದು. ಸಿಕ್ಕಿಕೊಂಡರೆ ಬಾವುಟ ಅರ್ಧ ಬಿಚ್ಚಿ ನಿಲ್ತದೆ. ಮತ್ತೆ ಊರಿಗೆ ಮುಖ ತೋರಿಸುವ ಹಾಗಿಲ್ಲ."

ಮಲ್ಲಿಗೆ ತಾನೇ, ಹೂ ಬೆಳೆದು ಕಟ್ಟಿ ಮಾರುವ ನಮ್ಮ ಮನೆಯಲ್ಲಿ ಅದಕ್ಕೆಂತ ಬರ ಅಂತ ನಾನು ಜಂಬದಿಂದ ಒಪ್ಪಿಕೊಂಡೆ.

ಆ ಬೆಳಿಗ್ಗೆ ಹನಿ ಮಳೆಯಲ್ಲೇ ಗಿಡಗಳ ನಡುವೆ ನುಗ್ಗಿ ಮೊಗ್ಗು ಕೊಯ್ದೆ. ಮಳೆಗಾಲದ ಇಳುವರಿ, ಎಲ್ಲ ಸೇರಿ ಒಂದು ಬಟ್ಟಲು. ಅದನ್ನು ಜಗಲಿಯಲ್ಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡುತ್ತೇನೆ, ಬಟ್ಟಲು ಖಾಲಿ. ಅಜ್ಜಿ ಅಷ್ಟನ್ನೂ ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಚೆಂಡು ಸುತ್ತಿ, ಎಲೆಯ ಮೇಲೆ ಇಟ್ಟಿದ್ದಾರೆ. ಮೊಗ್ಗು ಕಂಡರೆ ಆ ಕೈಗಳು ಸುಮ್ಮನಿರುವ ಜಾತಿಯೇ ಅಲ್ಲ.

"ಅಜ್ಜೀ, ಬಿಡಿ ಹೂ ಬೇಕಿತ್ತು," ಅನ್ನುವಾಗ ನನಗೆ ಅಳುವೇ ಬಂತು.

"ಬಿಡಿ ಹೂವಾ? ಅಷ್ಟು ದೊಡ್ಡ ಮರ್ಯಾದೆಯ ಬಾವುಟಕ್ಕೆ ಯಾರಾದರೂ ಬಿಡಿ ಹೂ ಕೊಡ್ತಾರಾ ಮಾರಾಯ್ತಿ? ನಮ್ಮ ಮಾನ ಎಲ್ಲಿ ಉಳೀತದೆ?"

ಅಳುತ್ತಲೇ ಹೇಳಿದೆ: ಮೇಲೆ ಹೋಗಿ ಬಿಚ್ಚಿಕೊಂಡಾಗ ಹೂವು ಮಳೆಯ ಹಾಗೆ ಉದುರಬೇಕು, ನಾರು ಸಿಕ್ಕಿದರೆ ಎಲ್ಲ ಹಾಳು. ಅಜ್ಜಿ ಚೆಂಡನ್ನು ಕೈಗೆತ್ತಿಕೊಂಡರು. ಕಟ್ಟಿದ್ದನ್ನು ಬಿಚ್ಚಿ ಅವರಿಗೆ ಗೊತ್ತೇ ಇರಲಿಲ್ಲ. "ಕೊಡೆ ಹಿಡಿ. ದಾರಿಯಲ್ಲೇ ಬಿಚ್ಚುವ," ಎಂದು ಎದ್ದರು.

ಗದ್ದೆಯ ಹುಣಿಯ ಮೇಲೆ ಇಬ್ಬರೂ ಓಟದ ನಡಿಗೆ. ಅಜ್ಜಿ ಉಗುರಿನಿಂದ ನಾರು ಸಡಿಲಿಸಿ ಒಂದೊಂದೇ ಮೊಗ್ಗು ನನ್ನ ಬಟ್ಟಲಿಗೆ ಹಾಕುತ್ತಾ, "ಕಟ್ಟುವುದು ಸುಲಭ ಮಗಾ, ಇದು ಜೀವ ತೆಗೀತದೆ," ಅನ್ನುತ್ತಿದ್ದರು. ಗೇಟಿನಲ್ಲಿ ನಸೀಮಾ ಉಗುರು ಕಚ್ಚುತ್ತಾ ನಿಂತಿದ್ದಳು. ಮಡಚಿದೆವು, ಹೂ ತುಂಬಿದೆವು, ಕಟ್ಟಿದೆವು. ಒಂದು ತುಂಡು ನಾರು ಒಳಗೆ ಉಳಿದಿದ್ದರೆ?

ಬೆಳಿಗ್ಗೆ ಎಂದರೆ ಹೂ ಕೊಯ್ದು ಕಟ್ಟುವ ಹೊತ್ತು, ಹಾಗಾಗಿ ಅಜ್ಜಿ ಶಾಲೆಯ ಬಾವುಟ ಏರುವುದನ್ನು ನೋಡಿದ್ದೇ ಇಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬದ ಹತ್ತಿರವೇ ನಿಂತರು. "ರಾಷ್ಟ್ರಗೀತೆ ಮುಗಿಯುವ ತನಕ ಯಾರೂ ಅಲ್ಲಾಡಬಾರದು," ಎಂದು ಮಾಷ್ಟ್ರು ಕೂಗಿದರು. ಪಂಚಾಯತ್ ಅಧ್ಯಕ್ಷರು ಹಗ್ಗ ಎಳೆದರು. ಬಿಚ್ಚಲಿಲ್ಲ. ನಸೀಮಾ ನನ್ನ ಕೈ ಗಟ್ಟಿ ಹಿಡಿದಳು. ಇನ್ನೊಮ್ಮೆ ಎಳೆದರು. ಫಟ್ ಅಂತ ಬಿಚ್ಚಿಕೊಂಡಿತು, ಕೇಸರಿ ಮೇಲೆ, ಚಕ್ರ ನಡುವೆ. ಮಲ್ಲಿಗೆ ಗಾಳಿಗೆ ವಾಲಿ ಸೀದಾ ಅಜ್ಜಿಯ ತಲೆ ಮೇಲೆ ಸುರಿಯಿತು.

ಅಜ್ಜ ತೀರಿದ ಮೇಲೆ ಅಜ್ಜಿ ಹೂ ಮುಡಿದವರಲ್ಲ. ಜೀವಮಾನವಿಡೀ ಊರಿನ ಹೆಂಗಸರ ಜಡೆಗೆಲ್ಲ ಕಟ್ಟಿದರು, ತಾವು ಒಂದು ಮೊಗ್ಗೂ ಮುಟ್ಟಿಸಿಕೊಳ್ಳಲಿಲ್ಲ. ಈಗ ಬಿಳಿ ಕೂದಲ ತುಂಬ ಮಲ್ಲಿಗೆ, ರಾಷ್ಟ್ರಗೀತೆ ನಡೆಯುತ್ತಿದೆ, ಕೊಡವಿಕೊಳ್ಳುವ ಹಾಗಿಲ್ಲ. ಅಜ್ಜಿ ಎಲ್ಲರಿಗಿಂತ ನೆಟ್ಟಗೆ ನಿಂತಿದ್ದರು.

ಮುಗಿದ ಕೂಡಲೇ ಓಡಿಹೋಗಿ ಹೂ ತೆಗೆಯಲು ಕೈ ಎತ್ತಿದೆ. ಅಜ್ಜಿ ನನ್ನ ಕೈ ಹಿಡಿದರು. "ಇರಲಿ ಮಗಾ," ಅಂದರು. "ಯಾರೂ ಮುಡಿಸಿದ್ದಲ್ಲ, ತಾನಾಗಿ ಬಂದದ್ದು."

ಮನೆಯವರೆಗೂ ಹಾಗೇ ನಡೆದು ಬಂದರು. ನಾನು ಶಾಲೆಯಲ್ಲಿ ಕೊಟ್ಟ ಲಾಡು ತಿನ್ನುವುದನ್ನೇ ಮರೆತೆ.

ಅಜ್ಜಿ ಹೋಗಿ ವರ್ಷಗಳಾದವು. ಈಗ ಮಣಿಪಾಲದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾವುಟ ಕಟ್ಟುವುದು ನಾನೇ. ಮಡಿಕೆ ತಪ್ಪುವುದಿಲ್ಲ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವಿಡಿಯೋ ಚೆನ್ನಾಗಿ ಬರಬೇಕೆಂದು ಮೊದಲೇ ಎಲ್ಲರೂ ಹತ್ತು ಹೆಜ್ಜೆ ಹಿಂದೆ ಸರಿದಿರುತ್ತಾರೆ. ಅಷ್ಟೂ ಹೂವು ಅಂಗಳದ ಇಂಟರ್‌ಲಾಕ್ ಕಲ್ಲುಗಳ ಮೇಲೆ ಬೀಳುತ್ತದೆ.