ಕಾರ್ಲ್‌ಸ್ಟಾಡಿನ ಹದಿನೆಂಟು ನಿಮಿಷ

ನಲವತ್ತು ದಾಟಿದ ಮೇಲೆ, ಕಾಲೇಜಿನಿಂದ ರಜೆ ಪಡೆದು, ನಾನು ಮತ್ತೆ ವಿದ್ಯಾರ್ಥಿಯಾಗಿ ಸ್ವೀಡನ್ನಿಗೆ ಹೋದೆ. ಹೊಸ ಶತಮಾನದ ಆರಂಭದ ವರ್ಷಗಳವು. ರಂಜಾನ್ ನವೆಂಬರಿನಲ್ಲಿ ಬಂದಿತ್ತು. ಮೊದಲ ವಾರ ಸ್ಟಾಕ್‌ಹೋಮಿನ ಕಿಸ್ಟಾದಲ್ಲಿ, ಇಂಜಿನಿಯರಾಗಿದ್ದ ನನ್ನ ಹಳೆಯ ಶಿಷ್ಯನ ಮನೆಯಲ್ಲಿದ್ದೆ. ಅಲ್ಲಿನ ಬಾಡಿಗೆ ನನ್ನ ಕೈಗೆಟುಕುವಂತಿರಲಿಲ್ಲ. ನಾನು ಓದಬೇಕಿದ್ದ ಕಾರ್ಲ್‌ಸ್ಟಾಡ್ ಪುಣ್ಯಕ್ಕೆ ಅಗ್ಗದ ಊರು.

ರೈಲು ಹತ್ತಿಸುವಾಗ ಶಿಷ್ಯನು ಉಪವಾಸದ ವೇಳಾಪಟ್ಟಿಯೊಂದನ್ನು ನನ್ನ ಜೇಬಿಗಿಟ್ಟ.

"ಸರ್, ಟೈಮಿಂಗ್ಸ್ ಎಲ್ಲಾ ಇದ್ರಲ್ಲೇ ಇದೆ. ಇನ್ನೊಂದು, ಯಾರಾದ್ರೂ ಫೀಕಾಗೆ ಕರೆದ್ರೆ ಬೇಡ ಅನ್ಬೇಡಿ. ಇಲ್ಲಿ ಕಾಫಿ ಬೇಡ ಅಂದ್ರೆ ಮನೆಯೋರೇ ಬೇಡ ಅಂದ ಹಾಗೆ."

ಮರುದಿನ ಮಧ್ಯಾಹ್ನ ಎರಡೂವರೆಗೆ ಕಾರ್ಲ್‌ಸ್ಟಾಡಿನಲ್ಲಿ ಬಾಡಿಗೆಯ ಕೋಣೆಯೊಂದನ್ನು ನೋಡಲು ಹೋದೆ. ಮನೆಯೊಡತಿ ನಿವೃತ್ತ ಭೂಗೋಳದ ಅಧ್ಯಾಪಿಕೆ. ನನಗಿಂತ ಮೊದಲು ಇಬ್ಬರು ನೋಡಿಹೋಗಿದ್ದರು. ಸಂಜೆಯೊಳಗೆ ಒಬ್ಬರಿಗೆ ಕೊಡುವೆನೆಂದು ಆಕೆ ಮೊದಲೇ ತಿಳಿಸಿದ್ದರು. ನಾನು ಇಳಿದುಕೊಂಡಿದ್ದ ಅತಿಥಿಗೃಹವನ್ನು ಮರುದಿನವೇ ತೆರವು ಮಾಡಬೇಕಿತ್ತು. ಮೇಜಿನ ಮೇಲೆ ಕಾಫಿಯೂ ದಾಲ್ಚಿನ್ನಿಯ ಬನ್ನುಗಳೂ ಸಿದ್ಧವಾಗಿದ್ದವು.

ವಿನಯದಿಂದ ನನ್ನ ವ್ರತವನ್ನು ವಿವರಿಸಿದೆ. ಜೇಬಿನ ವೇಳಾಪಟ್ಟಿಯನ್ನು ತೆಗೆದು ನೋಡಿ, ಸೂರ್ಯಾಸ್ತಕ್ಕೆ ಹೆಚ್ಚು ಹೊತ್ತಿಲ್ಲ, ಎರಡು ಐವತ್ತೇಳಕ್ಕೆ ಎಂದೆ. ತಮಗೆ ದೇವರಲ್ಲಿ ನಂಬಿಕೆಯಿಲ್ಲವೆನ್ನುತ್ತಲೇ ಆಕೆ ತಮ್ಮ ಬಟ್ಟಲನ್ನೂ ಪಕ್ಕಕ್ಕೆ ಸರಿಸಿದರು. ಹೊರಗೆ ಮೋಡ ಕವಿದಿತ್ತು. ಗಡಿಯಾರ ಐವತ್ತೇಳು ತೋರಿಸುತ್ತಲೇ ಚೀಲದಲ್ಲಿದ್ದ ಪೊಟ್ಟಣದಿಂದ ಖರ್ಜೂರವೊಂದನ್ನು ತೆಗೆದು ತುಟಿಯ ಬಳಿಗೆ ತಂದೆ.

"ನಿಲ್ಲಿ," ಎಂದರು ಆಕೆ, ನಿಧಾನವಾದ ಇಂಗ್ಲಿಷಿನಲ್ಲಿ. "ಆ ಕಾಗದ ಎಲ್ಲಿಯದು?"

"ಸ್ಟಾಕ್‌ಹೋಮಿನದು."

"ಹಾಗಾದರೆ ಮುಳುಗಿದ್ದು ಸ್ಟಾಕ್‌ಹೋಮಿನ ಸೂರ್ಯ. ನಾವು ಪಶ್ಚಿಮದಲ್ಲಿದ್ದೇವೆ. ನಮ್ಮದಕ್ಕೆ ಇನ್ನೂ ಹದಿನೆಂಟು ನಿಮಿಷವಿದೆ."

ಖರ್ಜೂರವನ್ನು ತಟ್ಟೆಗಿಳಿಸಿದೆ. ನಮ್ಮೂರ ಮಸೀದಿಯ ಕೂಗನ್ನು ನಂಬಿ ಬೆಳೆದವನಿಗೆ ರೇಖಾಂಶದ ಲೆಕ್ಕ ಹೊಳೆದೇ ಇರಲಿಲ್ಲ. ದೇವರನ್ನು ನಂಬದ ಒಬ್ಬ ಹೆಂಗಸು ನನ್ನ ಉಪವಾಸವನ್ನು ಕಾಪಾಡಿದ್ದರು. ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಂತೆ "ಹನ್ನೆರಡು... ಒಂಬತ್ತು..." ಎಂದು ಎಣಿಸುತ್ತ ಕುಳಿತರು. ನಾಲ್ಕಕ್ಕೆ ಇಳಿಯುವಷ್ಟರಲ್ಲಿ ಇಬ್ಬರಿಗೂ ನಗು ತಡೆಯದಾಯಿತು.

"ಈಗ ಮುಳುಗಿತು," ಎಂದು ಅಪ್ಪಣೆ ಕೊಟ್ಟು, ತಾವೂ ಒಂದು ಖರ್ಜೂರ ತೆಗೆದುಕೊಂಡರು. ನಾನು ಬನ್ನು ತಿಂದೆ, ತಣ್ಣಗಾದ ಕಾಫಿ ಕುಡಿದೆ.

"ಜೂನಿನಲ್ಲಿ ನಮ್ಮ ಸೂರ್ಯ ರಾತ್ರಿ ಹತ್ತಾದರೂ ಹೋಗುವುದಿಲ್ಲ. ನನ್ನ ಮನೆಯಲ್ಲಿ ಉಪವಾಸ ಬಿದ್ದು ಸಾಯುತ್ತೀರೇನು?"

"ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಮ್ಮ. ಜೂನ್ ಮುಟ್ಟಲು ಹದಿನಾಲ್ಕು ವರ್ಷ ಬೇಕು."

"ನಿಮ್ಮ ಓದು?"

"ಎರಡು ವರ್ಷ."

"ಅಷ್ಟರಲ್ಲೇ ಮುಗಿಸಿ," ಎಂದು ಬೀಗದ ಕೈಯನ್ನು ಬನ್ನಿನ ತಟ್ಟೆಯ ಪಕ್ಕದಲ್ಲಿಟ್ಟರು.

ಸೂರ್ಯಾಸ್ತದ ಮಗ್ರಿಬ್ ನಮಾಜಿಗೆ ಮಕ್ಕಾದ ದಿಕ್ಕನ್ನು ಕೇಳಿದಾಗ ಆಕೆ ಅಟ್ಲಾಸನ್ನೇ ತಂದು, ಅಳತೆಪಟ್ಟಿಯಿಟ್ಟು, ಕೋಣೆಯ ಬೀರುವಿನ ಮೂಲೆಯತ್ತ ಬೆರಳು ತೋರಿದರು. ಆ ಮೂಲೆಗೆ ಮುಖ ಮಾಡಿ ನಿಂತೆ; ಕಿವಿಯಲ್ಲಿ ಆಕೆಯ ನಿಮಿಷಗಳ ಎಣಿಕೆ ಇನ್ನೂ ಕೇಳುತ್ತಿತ್ತು. ನಮಾಜು ಮಾಡುತ್ತ ಬಂದ ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಪ್ರಾರ್ಥನೆ ಮುಗಿಯುವವರೆಗೆ ನಗುವನ್ನು ತಡೆದುಕೊಳ್ಳಲು ದೇವರ ಸಹಾಯ ಬೇಡಬೇಕಾಯಿತು.