ಕೆಂಚಣ್ಣನ ಮಂಡಿ ನೋವು

ಮರಕ್ಕೆ ಕಾಲಿಡುವ ಮೊದಲು ಕೆಂಚಣ್ಣ ತಲೆಯೆತ್ತಿ ಒಮ್ಮೆ ಕೂಗುತ್ತಿದ್ದ: "ಮರ ಹತ್ತೀನ್ರವ್ವೋ...!" ಆ ಕೂಗಿಗೆ ಅಕ್ಕಪಕ್ಕದ ಬಚ್ಚಲುಗಳ ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತಿದ್ದವು. ಹಿತ್ತಿಲಲ್ಲಿ ತಲೆ ಒರೆಸಿಕೊಳ್ಳುತ್ತಿದ್ದವರು ಒಳಗೋಡುತ್ತಿದ್ದರು. ತೆಂಗಿನ ತುದಿಯಿಂದ ಊರಿನ ಅರ್ಧ ಸಂಸಾರ ಕಾಣುತ್ತದೆ. ಹಾಗಾಗಿ ಕೂಗಿ ಹತ್ತುವುದು ಕಾಯಿ ಕೀಳುವವರ ರೂಢಿ. ಕೂಗಿದ ಮೇಲೆ ಅವನು ಮರಕ್ಕೆ ಅಂಗೈ ಆನಿಸಿ, ಏನನ್ನೋ ಆಲಿಸುವವನಂತೆ ಕೊಂಚ ನಿಲ್ಲುತ್ತಿದ್ದ. ಹೆಂಗಸರಿಗೆ ಪುರುಸೊತ್ತು ಕೊಡುತ್ತಿದ್ದಾನೆ ಎಂದುಕೊಂಡಿದ್ದೆ.

ಸಣಕಲು ಆಳು. ಎದೆಯ ಮೇಲೆ ಮರ ಉಜ್ಜಿ ಉಜ್ಜಿ ಕಪ್ಪಾದ ಕಲೆ. ಕಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಂತೆ ದೂರ ನಿಂತಿರುತ್ತಿತ್ತು. ಮಾಯಸಂದ್ರದ ಸುತ್ತಿನ ತೋಟಗಳೆಲ್ಲ ಅವನ ಕೈಕೆಳಗೆ. ನಾನು ತುರುವೇಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಅಪ್ಪ ಬಿಟ್ಟುಹೋದ ತುಂಡು ತೋಟವನ್ನು ಮುಖ್ಯವಾಗಿ ಚಿಂತೆ ಮಾಡುವುದಕ್ಕೆ ಬಳಸುವವನು. ಕಾಯಿ ಕಿತ್ತಾದ ಮೇಲೆ ಮಜ್ಜಿಗೆ ಕುಡಿಯುತ್ತ ಅವನು ನನಗೆ ಕಸುಬಿನ ಗುಟ್ಟುಗಳನ್ನು ಒಂದೊಂದಾಗಿ ಬಿಡುತ್ತಿದ್ದ.

"ಮಜ್ಗೆ ನೀರಾಗಿರೋ ಮನೇಲಿ ಒಂದೆಲ್ಡು ಗೊನೆ ನಮ್ ಕಣ್ಣಿಗೆ ಕಾಣಾಕಿಲ್ಲ ಕಣ್ರೀ ರಾಜಣ್ಣ."

ಅಂದಿನಿಂದ ನಮ್ಮ ಮನೆಯ ಮಜ್ಜಿಗೆ ಚಮಚ ನಿಲ್ಲುವಷ್ಟು ಗಟ್ಟಿಯಾಯಿತು.

"ಮ್ಯಾಲಿದ್ದಾಗ ಕೆಳೀಕೆ ನೋಡಬಾರ್ದು ಅಂತಾರಲ್ಲ, ಸುಳ್ಳು. ಕೆಳೀಕೇ ನೋಡಬೇಕು. ದೂರ ನೋಡಬಾರ್ದು. ದೂರ ನೋಡಿದ್ರೆ ಮರ ಅಲ್ಲಾಡೋದು ಗೊತ್ತಾಯ್ತದೆ."

ಆದರೆ ಯಾರ ಹಿತ್ತಿಲಲ್ಲಿ ಏನು ಕಂಡೆ ಎಂದು ಎಷ್ಟು ಕೆದಕಿದರೂ, "ಮ್ಯಾಲೆ ಕಂಡಿದ್ದು ಮ್ಯಾಲೇ ಬುಡಬೇಕು" ಎಂದು ಲೋಟ ಕೆಳಗಿಡುತ್ತಿದ್ದ.

ಒಂದು ಬೆಳಿಗ್ಗೆ ಎಂದಿನಂತೆ ಕೂಗಿದ. ಮರಕ್ಕೆ ಅಂಗೈ ಆನಿಸಿದ. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಆಮೇಲೆ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, "ಮಂಡಿ ಹಿಡ್ಕಂಡದೆ ರಾಜಣ್ಣ, ಇನ್ನಾಗಾಕಿಲ್ಲ" ಎಂದು ಹೊರಟೇಹೋದ. ನಾನು ಮೊಬೈಲಿನಲ್ಲಿ ಮಂಡಿಯ ಕಾಯಿಲೆಗಳನ್ನೆಲ್ಲ ಓದಿ, ಅವು ನನಗೂ ಇವೆ ಎಂದು ಖಚಿತ ಮಾಡಿಕೊಂಡು, ಅವನಿಗೊಂದು ಸೀಸೆ ನೋವಿನೆಣ್ಣೆ ಕೊಟ್ಟುಬಂದೆ. ಅವನು ಅದನ್ನು ಗೂಡಿನಲ್ಲಿಟ್ಟ. ಮರುದಿನ ಮಾಯಸಂದ್ರದ ಸಂತೆಗೆ ನನಗಿಂತ ಬಿರುಸಾಗಿ ನಡೆದುಹೋದ.

ಬೇರೆ ಆಳು ಸಿಗಲಿಲ್ಲ. ಒಣಗಿದ ಕಾಯಿ ಯಾರ ತಲೆಯ ಮೇಲೆ ಬೀಳುತ್ತದೋ ಎಂಬ ಚಿಂತೆಯಲ್ಲಿ ನಿದ್ದೆ ಕೆಟ್ಟು, ಕೊನೆಗೆ ಮರ ಹತ್ತುವ ಮೆಷೀನನ್ನೇ ತಂದೆ. ಎರಡು ಪಾದಕ್ಕೆ ಎರಡು ಮೆಟ್ಟು, ಮೆಟ್ಟಿಗೊಂದು ತಂತಿ ಹಗ್ಗ ಮರವನ್ನು ಸುತ್ತಿಕೊಳ್ಳುತ್ತದೆ. ಒಂದು ಕಾಲೆತ್ತು, ಇನ್ನೊಂದು ಕಾಲೆತ್ತು, ಅಷ್ಟೇ. ಹತ್ತುವುದು ಎಷ್ಟು ಸಲೀಸಾಗಿತ್ತೆಂದರೆ, ಗೊನೆಯ ಹತ್ತಿರ ಹೋಗಿ ಹೆಮ್ಮೆಯಿಂದ ದೂರ ನೋಡಿದೆ.

ಮರ ಅಲ್ಲಾಡಿತು.

ತಬ್ಬಿಕೊಂಡೆ. ಎಡಗಾಲಿನ ತಂತಿ ಮರವನ್ನು ಕಚ್ಚಿ ಹಿಡಿದಿತ್ತು; ಎಳೆದಷ್ಟೂ ಬಿಗಿಯಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಬಚ್ಚಲಿನಿಂದ ಪುಟ್ಟಮ್ಮನ ದನಿ: "ಯಾವನ್ಲಾ ಅವ್ನು, ಕೂಗ್ದೆ ಹತ್ತಿರೋನು! ಮಾನ ಮರ್ವಾದೆ ಇಲ್ವಾ?" ಕೂಗುವುದನ್ನು ಮರೆತಿದ್ದೆ. ನಾನು ಕಣ್ಣು ಮುಚ್ಚಿಕೊಂಡಿದ್ದೇನೆ ಎಂದು ಅಲ್ಲಿಂದ ಹೇಗೆ ಸಾಬೀತು ಮಾಡುವುದು?

ಹೆಂಡತಿ ಸರೋಜ ಬಂದು, "ಇಳೀರಿ, ಉಪ್ಪಿಟ್ಟು ಆರೋಯ್ತದೆ" ಎಂದಳು.

"ಇಳಿಯಕ್ಕೆ ಆಗ್ತಿಲ್ಲ ಕಣೇ."

"ಫೈರ್ ಇಂಜಿನ್ ಕರೆಸ್ಲಾ?"

ಬೀಳುವ ಭಯಕ್ಕಿಂತ ದೊಡ್ಡ ಭಯ ಆಗ ಹಿಡಿಯಿತು. ಫೈರ್ ಇಂಜಿನ್ ಬಂದರೆ ಊರು ಬರುತ್ತದೆ, ಊರು ಬಂದರೆ ಮೊಬೈಲು ಬರುತ್ತವೆ. "ಬೇಡ!" ಎಂದು ಕಿರುಚಿದೆ. ಸೀರೆ ಸುತ್ತಿಕೊಂಡು ಬಂದ ಪುಟ್ಟಮ್ಮನೇ ಬಯ್ಯುತ್ತ ಹೋಗಿ ಕೆಂಚಣ್ಣನನ್ನು ಕರೆತಂದಳು.

ಅವನು ಕೆಳಗೆ ನಿಂತು ನೋಡಿದ. "ಹತ್ತಿ ಬಾ ಕೆಂಚಣ್ಣ, ನಿನ್ ದಮ್ಮಯ್ಯ" ಎಂದೆ. ಮರಕ್ಕೆ ಅಂಗೈ ಆನಿಸಿದ, ಕೈ ಸುಟ್ಟುಕೊಂಡವನಂತೆ ಹಿಂದೆ ತೆಗೆದ. ಹೆಂಗಸರನ್ನು ಕಾಫಿ ಕಾಸಿ ಎಂದು ಒಳಗೆ ಅಟ್ಟಿದ. ಅವರು ಹೋದ ಮೇಲೆ, ಎಂದೂ ರಾಜಣ್ಣ ಎನ್ನದೆ ಕರೆಯದವನು, "ಲೇ ರಾಜ" ಎಂದ. "ನಂಗೆ ಮಂಡಿ ನೋವಿಲ್ಲ ಕಣ್ಲಾ."

ನನ್ನ ಜೀವ ಬಾಯಿಗೆ ಬಂದಿರುವಾಗ ಇವನ ಮಂಡಿಯ ವರದಿ ಯಾಕೆ ಎಂದು ಸಿಟ್ಟು ಬಂತು.

"ಅರಳಗುಪ್ಪೆ ತೋಟದಾಗೆ ಒಂದಿನ ನಾನೂ ಇಂಗೇ ಮರ ತಬ್ಕಂಡ್ಬುಟ್ಟೆ. ಹೊತ್ತು ನೆತ್ತಿಗೆ ಬಂದ್ರೂ ಇಳೀಲಿಲ್ಲ. ಕಸುಬಿನೋರ್ಗೆಲ್ಲ ಒಂದಿನ ಬತ್ತದೆ ಈ ಭಯ, ಬಂದ್ಮ್ಯಾಲೆ ಹೋಗಾಕಿಲ್ಲ. ಆಗ ಮಂಡಿ ನೋವು ಅಂತೀವಿ. ನಮ್ಮೋನು ಮಂಡಿ ನೋವು ಅಂದ್ರೆ ಇನ್ನೊಬ್ಬ ನಮ್ಮೋನು ಏನೂ ಕೇಳಾಕಿಲ್ಲ."

"ಮತ್ತೆ... ಕೂಗೋದು?"

"ಎಂಗಸ್ರಿಗೂ ಆಯ್ತು, ನಮ್ಗೂ ಆಯ್ತು. ನಮ್ ದನಿ ನಾವೇ ಕೇಳಿಸ್ಕಬೇಕು. ನಡುಗಿದ್ರೆ ಆವತ್ತು ಹತ್ತಬಾರ್ದು. ನಿನ್ ತೋಟದಾಗೆ ಕಡೇ ದಿನ ನಡುಗ್ತು. ನೀನು ಕೂಗ್ಲೇ ಇಲ್ಲ. ಈಗ ಕೂಗು."

"ಮರ ಹತ್ತೀನ್ರವ್ವೋ" ಎಂದೆ. ಮೇಕೆ ಮರಿಯಂತೆ ಬಂತು ದನಿ. ಒಳಗಿನಿಂದ ಪುಟ್ಟಮ್ಮ, "ಇಳಿಯೋ ಅಂದ್ರೆ ಇನ್ನೂ ಹತ್ತೀನಿ ಅಂತಾನಲ್ಲಾ ಇವ್ನು!" ಎಂದಳು. ಕೆಂಚಣ್ಣ ನಗಲಿಲ್ಲ. "ಇನ್ನೊಂದ್ಸತಿ" ಎಂದ. ಮತ್ತೆ ಕೂಗಿದೆ, ಮತ್ತೆ. ಯಾವಾಗಲೋ ದನಿ ಮನುಷ್ಯನದಾಯಿತು.

"ಈಗ ಒಂದ್ ಗೇಣು ಮ್ಯಾಲಕ್ಕೋಗು."

"ಮೇಲಕ್ಕಾ?"

"ನಿನ್ ಮೆಷೀನು ನಂಗೊತ್ತಿಲ್ಲ, ಹಗ್ಗ ಗೊತ್ತು. ಭಾರ ಬಿಟ್ರೇನೇ ಸಡ್ಲ ಆಗೋದು. ಇಳಿಯೋನು ಮೊದ್ಲು ಹತ್ತಬೇಕು. ನನ್ ತಲೇನೇ ನೋಡ್ಕಂಡು ಬಾ."

ಬಲಗಾಲನ್ನು ಮೇಲಕ್ಕೆತ್ತಿ ಅದರ ಮೇಲೆ ನಿಂತೆ. ಎಡಗಾಲಿನ ತಂತಿ ಸಡಿಲವಾಯಿತು. ಅವನ ಬೋಳು ನೆತ್ತಿಯನ್ನೇ ನೋಡುತ್ತ ಇಳಿದೆ. ಅದು ಹತ್ತಿರವಾಗುವುದಕ್ಕೆ ಒಂದು ಯುಗವೇ ಹಿಡಿಯಿತು. ನೆಲಕ್ಕೆ ಬಂದೊಡನೆ ಅವನು ಮತ್ತೆ ಮರ್ಯಾದಸ್ಥನಾದ. "ಕಾಫಿ ಕುಡೀರಿ ರಾಜಣ್ಣ. ಆಡಿದ್ ಮಾತು, ನಾನಿರೋಗಂಟ ಯಾರ್ಗೂ ಹೇಳ್ಬ್ಯಾಡಿ."

ಸೀನಿದರೂ ಹೆಂಡತಿಗೆ ವರದಿ ಒಪ್ಪಿಸುವ ನಾನು ಅದೊಂದನ್ನು ಉಳಿಸಿಕೊಂಡೆ. ಮೆಷೀನು ಅಟ್ಟ ಸೇರಿತು.

ಈ ಸಲದ ಚಳಿಗಾಲದಲ್ಲಿ ಕೆಂಚಣ್ಣ ಜ್ವರ ಬಂದು ಹೋದ. ತಿಥಿಯ ದಿನ ಅವನ ಮನೆಗೆ ಹೋದಾಗ ಗೂಡಿನಲ್ಲಿ ಎಣ್ಣೆಯ ಸೀಸೆ ಕಂಠದವರೆಗೂ ತುಂಬಿಯೇ ಇತ್ತು. ಪಾಪ, ಮಂಡಿ ನೋವಲ್ಲೇ ಸವೆದ ಎಂದು ಬಂದವರು ಮರುಗುತ್ತಿದ್ದರು. ಜಗಲಿಯ ಚಾಪೆಯ ಮೇಲೆ ಹಾಲ್ಕುರಿಕೆಯಿಂದ ಬಂದ ಮುದುಕನೊಬ್ಬ ಕುಳಿತಿದ್ದ. ಅವನ ಹೆಬ್ಬೆರಳೂ ಉಳಿದವುಗಳ ಜೊತೆ ಮಾತು ಬಿಟ್ಟಿತ್ತು.

"ನೀವೇನಾ ಮೆಷೀನ್ ತಂದಿದ್ದೋರು? ಹತ್ತಾಕಿಲ್ವಾ ಈಗ?"

"ಇಲ್ಲ ಕಣಪ್ಪ. ಮಂಡಿ ನೋವು."

ಅವನು ನನ್ನ ಮುಖವನ್ನೇ ನೋಡಿದ. ಯಾವ ಮಂಡಿ ಎಂದು ಕೇಳಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು, ನನಗೆ ಜಾಗ ಮಾಡಿಕೊಟ್ಟ.